ಅಕ್ಕ ಹಾಡಿದ ಒಂದು ಸಾಲು

ಮೋಟರು ಸುಟ್ಟುಹೋದರೆ? ಮುಟ್ಟಿದ ಕೂಡಲೇ ಶಾಕ್ ಹೊಡೆದರೆ? ಆನ್‌ಲೈನಿನಲ್ಲಿ ತರಿಸಿದ ರೆಕಾರ್ಡ್ ಪ್ಲೇಯರಿನ ಮುಳ್ಳು ಬೇರೆ ಮಾಡೆಲಿನದಾದರೆ? ಮುಳ್ಳು ಸರಿಯಿದ್ದು ರೆಕಾರ್ಡೇ ಸೊಟ್ಟಗಾಗಿದ್ದರೆ? ಪೆಟ್ಟಿಗೆಯೊಳಗೆ ಜಿರಳೆಗಳು ಸಂಸಾರ ಹೂಡಿದ್ದರೆ? ಸರಿಯಾಗಿ ಹಾಡು ಶುರುವಾಗುವ ಹೊತ್ತಿಗೆ ಕರೆಂಟು ಹೋದರೆ?

ಹಳೇ ಕರೆಂಟ್ ಬಿಲ್ಲಿನ ಹಿಂಬದಿಯಲ್ಲಿ ಹೀಗೆ ಹನ್ನೊಂದು ‘ರೆ’ಗಳನ್ನು ಬರೆದಿಟ್ಟಿದ್ದೆ. (ಸೊಪ್ಪು ತರಲು ಹೊರಟರೂ ನನ್ನ ತಲೆಯಲ್ಲಿ ಇಂಥದ್ದೊಂದು ಪಟ್ಟಿ ತಯಾರಾಗುತ್ತದೆ ಎಂಬುದು ಈ ಅಂಕಣ ಓದುವವರಿಗೆ ಹೊಸದಲ್ಲ.) ಹನ್ನೆರಡನೆಯದನ್ನು ಮಾತ್ರ ಬರೆಯಲು ಧೈರ್ಯ ಬರಲಿಲ್ಲ.

ರೆಕಾರ್ಡಿನಲ್ಲಿ ಅಕ್ಕನ ಸಾಲೇ ಇಲ್ಲದಿದ್ದರೆ?

ಮಾಗಡಿಯಲ್ಲಿರುವ ನನ್ನ ಅಕ್ಕನಿಗೆ ಒಂಬತ್ತು ವರ್ಷವಿದ್ದಾಗ, ಅವಳೂ ಸೇರಿ ಸ್ಕೂಲಿನ ಎಂಟು ಹುಡುಗಿಯರನ್ನು ಬೆಂಗಳೂರಿಗೆ ಕರೆದೊಯ್ದು ಮಕ್ಕಳ ಹಾಡಿನ ಪುಟ್ಟ ರೆಕಾರ್ಡೊಂದನ್ನು ಮಾಡಿಸಿದ್ದರು. ಎಂಟೂ ಜನಕ್ಕೆ ಒಂದೊಂದು ಕೊಟ್ಟರು. ಅದನ್ನು ಹಾಕಿ ಕೇಳುವ ಯಂತ್ರ ನಮ್ಮ ಮನೆಗೆ ಎಲ್ಲಿಂದ ಬರಬೇಕು? ಊರಿಗೆಲ್ಲ ಇದ್ದದ್ದು ಒಂದೇ, ಮೈಕ್‌ಸೆಟ್‌ನವನ ಹತ್ತಿರ. ‘ಮಕ್ಕಳ ಹಾಡಿಗೆಲ್ಲ ಮುಳ್ಳು ಸವೆಸಕ್ಕಾಯ್ತದಾ?’ ಎಂದು ಅವನು ಅಪ್ಪನನ್ನು ವಾಪಸ್ ಕಳಿಸಿದ್ದ. ಆಮೇಲೆ ಕ್ಯಾಸೆಟ್ ಬಂತು, ಸಿ.ಡಿ. ಬಂತು, ಮೊಬೈಲ್ ಬಂತು. ರೆಕಾರ್ಡು ಅಕ್ಕನ ಟ್ರಂಕಿನಲ್ಲಿ, ಸೀರೆಗಳ ನಡುವೆ ಉಳಿಯಿತು.

ಜೊತೆಗೆ ಅವಳ ಒಂದು ಮಾತೂ ಉಳಿಯಿತು. ‘ಗಿಣಿ ಹಾಡಲ್ಲಿ ಒಂದು ಸಾಲು ನಾನೊಬ್ಳೇ ಹೇಳಿವ್ನಿ.’

ನಂಬಿದವರು ಯಾರು? ಅಕ್ಕ ಆಮೇಲೆ ಹಾಡಿದ್ದನ್ನು ನಾವ್ಯಾರೂ ಕೇಳಿರಲಿಲ್ಲ. ಅವಳಿಗೆ ‘ರೆಕಾರ್ಡ್ ಗಾಯಕಿ’ ಎಂದು ಹೆಸರಿಟ್ಟೆವು. ಮದುವೆಯಿರಲಿ, ನಾಮಕರಣವಿರಲಿ, ‘ಎಲ್ಲಿ, ಆ ಒಂದು ಸಾಲು ಆಗಲಿ’ ಎಂದು ಯಾರಾದರೂ ಕಾಲೆಳೆಯದೆ ಊಟ ಮುಗಿಯುತ್ತಿರಲಿಲ್ಲ. ಇದನ್ನು ಶುರುಮಾಡಿದ ಮಹಾನುಭಾವ ನಾನೇ. ಹೋದ ಯುಗಾದಿಯಲ್ಲಿ ಅವಳ ಏಳು ವರ್ಷದ ಮೊಮ್ಮಗಳೂ ‘ಅಜ್ಜಿ ಬುರುಡೆ’ ಎಂದಳು. ಅಕ್ಕ ನಗಲಿಲ್ಲ. ಎದ್ದುಹೋಗಿ ಸ್ಟವ್ ಒರೆಸತೊಡಗಿದಳು. (ಸ್ಟವ್ ಆಗಲೇ ಫಳಫಳ ಎನ್ನುತ್ತಿತ್ತು.)

ಅದಾಗಿ ಮೂರು ವಾರಕ್ಕೆ ರಾಮನಗರದ ಹಳೇ ಸಾಮಾನಿನ ಅಂಗಡಿಯಲ್ಲಿ ರೆಕಾರ್ಡು ಹಾಕಿ ಕೇಳುವ ಟರ್ನ್‌ಟೇಬಲ್ ಒಂದು ಕಣ್ಣಿಗೆ ಬಿತ್ತು. ಕೊಂಡೆ. ಕೊಂಡ ಮೇಲೆ ಯೋಚಿಸಿದೆ. ನನ್ನ ಬದುಕಿನಲ್ಲಿ ಈ ಕ್ರಮ ಇದೇ ಮೊದಲು.

‘ಹಾಡುತ್ತಾ?’ ಎಂದಳು ಹೆಂಡತಿ.

‘ಇಲ್ಲ.’

‘ತಿರುಗುತ್ತಾ?’

‘ಅದೂ ಇಲ್ಲ.’

‘ಮತ್ತೇನು ಮಾಡುತ್ತೆ?’

‘ಸದ್ಯಕ್ಕೆ ಕೂತಿರುತ್ತೆ.’

‘ನಿಮಗೊಂದು ಜೊತೆ ಆಯ್ತು ಬಿಡಿ.’

ಎರಡು ಭಾನುವಾರ ಧೂಳು ತೆಗೆದೆ. ಬೆಲ್ಲದ ಪಾಕದಂತೆ ಗಟ್ಟಿಯಾಗಿದ್ದ ಗ್ರೀಸನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದೆ, ಎಣ್ಣೆ ಬಿಟ್ಟೆ, ಹೊಸ ವೈರು ಹಾಕಿಸಿದೆ. ಮೋಟರು ತಿರುಗಿತು. ರೆಕಾರ್ಡು ಇಡುವ ತಟ್ಟೆ ತಿರುಗಲಿಲ್ಲ. ಮೋಟರಿಗೂ ತಟ್ಟೆಗೂ ನಡುವೆ ಒಂದು ಪುಟ್ಟ ರಬ್ಬರ್ ಗಾಲಿ ಇರುತ್ತದೆ. ಮೋಟರಿನ ಓಟವನ್ನು ತಟ್ಟೆಗೆ ಮುಟ್ಟಿಸುವುದು ಅದೇ. ನಮ್ಮದು ಚಕ್ಕುಲಿಯಂತಾಗಿ, ಮುಟ್ಟಿದರೆ ಪುಡಿಯಾಗುತ್ತಿತ್ತು. ರಾಮನಗರದ ರಿಪೇರಿಯವನು ನೋಡಿ, ‘ಇದ್ರ ಪಾರ್ಟ್ ಎಲ್ಲೂ ಸಿಗಾಕಿಲ್ಲ ಸಾರ್. ಗಾಲಿ ಕಡೆಯೋರು ಬೇಕು ಅಂದ್ರೆ ಚನ್ನಪಟ್ಟಣ ಪಕ್ಕದಲ್ಲೇ ಐತಲ್ಲ’ ಎಂದ. ತಮಾಷೆಗೆ ಹೇಳಿದ್ದಿರಬೇಕು. ನಾನು ಹೋಗಿಬಿಟ್ಟೆ.

ಚನ್ನಪಟ್ಟಣದ ಅನ್ವರ್ ಪಾಷಾ ನಲವತ್ತು ವರ್ಷದಿಂದ ಗೊಂಬೆ ಕಡೆಯುತ್ತಿರುವವರು. ಆಟದ ಬಂಡಿ, ರೈಲು, ಬಸ್ಸು ಎಂದು ಅವರ ಕೈಯಿಂದ ಉರುಳಿಹೋದ ಗಾಲಿಗಳಿಗೆ ಲೆಕ್ಕವಿಲ್ಲ. ‘ಇದು ಪ್ರಿಸಿಷನ್ ಪಾರ್ಟು, ಕೂದಲೆಳೆ ವ್ಯತ್ಯಾಸವಾದರೂ ಕಷ್ಟ...’ ಎಂದು ನಾನು ಆತಂಕದ ಪುರಾಣ ಬಿಚ್ಚಿದೆ. ಅವರು ಪೂರ್ತಿ ಕೇಳಿಸಿಕೊಂಡರು.

‘ಗಾಲಿ ಅಂದ್ರೆ ದುಂಡಗಿರ್ಬೇಕು. ಅಷ್ಟೇ ಅಲ್ವಾ ಸಾರ್?’

ಅಷ್ಟೇ ತಾನೇ. ಅವರು ಮರದಲ್ಲಿ ಗಾಲಿ ಕಡೆದುಕೊಡುವುದು, ನಾನು ಅಂಚಿಗೆ ಸೈಕಲ್ ಟ್ಯೂಬಿನ ಉಂಗುರ ಹಾಕಿಕೊಳ್ಳುವುದು ಎಂದು ಮಾತಾಯಿತು.

ಎರಡು ದಿನ ಬಿಟ್ಟು ಹೋದರೆ ಗಾಲಿ ಸಿದ್ಧವಾಗಿತ್ತು. ಕೆಂಪು, ಅದರ ಮೇಲೆ ಹಳದಿ ಪಟ್ಟಿ, ನಡುವೆ ಹಸಿರು ಗೆರೆ. ಅರಗಿನ ಬಣ್ಣ ಕನ್ನಡಿಯಂತೆ ಹೊಳೆಯುತ್ತಿತ್ತು.

‘ಇದು ತಟ್ಟೆ ಕೆಳಗೆ ಇರೋದು ಪಾಷಾ ಅವರೇ. ಯಾರಿಗೂ ಕಾಣಲ್ಲ.’

‘ಬಣ್ಣ ಇಲ್ದೆ ನಮ್ ಅಂಗಡಿಯಿಂದ ಒಂದು ಸಾಮಾನೂ ಹೋಗಿಲ್ಲ ಸಾರ್. ಬೆತ್ತಲೆ ಕಳ್ಸಕ್ಕಾಯ್ತದಾ? ಮಕ್ಕಳು ಬಾಯಿಗೆ ಹಾಕ್ಕೊಂಡ್ರೂ ಏನಾಗಲ್ಲ, ನೋಡಿ.’

(ಟರ್ನ್‌ಟೇಬಲ್ ಗಾಲಿಗೆ ಇಂಥ ಗ್ಯಾರಂಟಿಯನ್ನು ಪ್ರಪಂಚದ ಯಾವ ಕಂಪನಿಯೂ ಕೊಟ್ಟಿರಲಿಕ್ಕಿಲ್ಲ.)

ಮನೆಗೆ ತಂದು ಕೂರಿಸಿದೆ. ರಬ್ಬರ್ ಉಂಗುರ ಆ ನುಣುಪಿನ ಮೇಲೆ ಜಾರಿ ಜಾರಿ ಕಳಚಿಕೊಂಡಿತು. ಮತ್ತೆ ಚನ್ನಪಟ್ಟಣ. ಪಾಷಾ ಅವರ ಮುಖ ಸಣ್ಣದಾಯಿತು. ಗಾಲಿಯನ್ನು ಲೇತಿಗೆ ಹಾಕಿ, ಉಳಿ ಹಿಡಿದು, ಅಂಚಿನ ಬಣ್ಣವನ್ನಷ್ಟೇ ತೆಗೆದು, ಉಂಗುರ ಕೂರಲು ಒಂದು ಸಣ್ಣ ಕಾಲುವೆ ಕಡೆದರು. ಮಗುವಿನ ಮುಡಿ ತೆಗೆಸುವಾಗಿನ ಮುಖ. ಎರಡೂ ಬದಿಯ ಬಣ್ಣವನ್ನು ಮಾತ್ರ ಮುಟ್ಟಲಿಲ್ಲ. ‘ಹಾಡಿದ್ ಮೇಲೆ ಒಂದು ಫೋನ್ ಹಾಕಿ’ ಎಂದರು.

ತಟ್ಟೆ ತಿರುಗಿದ ದಿನವೇ ಅಕ್ಕನಿಗೆ ಹೇಳಿದೆ. ಕುಣಿಯುತ್ತಾಳೆ ಎಂದುಕೊಂಡಿದ್ದರೆ, ‘ಯಾಕ್ಲಾ ಬೇಕಿತ್ತು ಇದೆಲ್ಲ?’ ಎಂದಳು. ಹಾಗಾದರೆ ಸಾಲು ಇಲ್ಲವೇ? ನಂಬದೆ ತಮಾಷೆ ಮಾಡುವುದು ಬೇರೆ, ಸುಳ್ಳೆಂದು ಗೊತ್ತಾಗುವುದು ಬೇರೆ. ನಲವತ್ತೈದು ವರ್ಷಕ್ಕೂ ಮಿಕ್ಕಿ ಅವಳು ಕಾಪಾಡಿಕೊಂಡು ಬಂದದ್ದನ್ನು ನಾನು ಮೈಮೇಲೆ ಬಿದ್ದು ಒಡೆಯಲು ಹೊರಟಿದ್ದೇನೆಯೇ?

ಭಾನುವಾರ ಬೆಳಿಗ್ಗೆ ಅಕ್ಕ ಬಂದಳು. ಕಂಕುಳಲ್ಲಿ ರೆಕಾರ್ಡು, ಕೈಯಲ್ಲಿ ಮೊಮ್ಮಗಳು. ಮುಳ್ಳು ಇಳಿಸಿದೆ. ಕರಕರ ಸದ್ದು. ಆಮೇಲೆ ಹಾರ್ಮೋನಿಯಂ. ಎಂಟು ಹುಡುಗಿಯರು ಒಟ್ಟಿಗೆ ‘ಗಿಣಿಯು ತಿಂತು ಸೀಬೆಹಣ್ಣು’ ಎಂದರು. ನಾನು ಗೋಡೆ ನೋಡುತ್ತಿದ್ದೆ. ಮತ್ತೆ ಎಂಟೂ ಜನ. ಮತ್ತೆ ಎಂಟೂ ಜನ. ಆಮೇಲೆ ಎಲ್ಲರೂ ಸುಮ್ಮನಾದರು.

ಒಂದೇ ದನಿ. ತೆಳ್ಳಗೆ, ಮೂಗಿನಲ್ಲಿ, ಒಸಿ ಅವಸರದಲ್ಲಿ. ಇವತ್ತಿಗೂ ಫೋನಿನಲ್ಲಿ ‘ಊಟ ಆಯ್ತಾ?’ ಎಂದು ಕೇಳುವ ದನಿ.

ನಾನು ‘ತಪ್ಪಾಯ್ತು ಕಣಕ್ಕ’ ಎಂದೆ. ಅವಳು ಕೇಳಿಸಿಕೊಳ್ಳಲಿಲ್ಲ. ಮೊಮ್ಮಗಳು ಹುಬ್ಬು ಗಂಟಿಕ್ಕಿಕೊಂಡಿದ್ದಳು.

‘ಅಜ್ಜಿ, ಸೀಬೆಹಣ್ಣೇ ಗಿಣೀನ ತಿಂದ್ಬಿಡ್ತಾ?’

ಮತ್ತೊಮ್ಮೆ ಹಾಕಿದೆ. ಹೌದು. ‘ಗಿಣಿಯ ತಿಂತು ಸೀಬೆಹಣ್ಣು.’

ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು, ಅಥವಾ ಇನ್ನೇನೋ. ‘ಬೆಂಗ್ಳೂರಿಂದ ಬರೋವಾಗ್ಲೇ ತಪ್ಪು ಹೇಳಿದ್ದು ಗೊತ್ತಾಗಿತ್ತು ಕಣ್ಲಾ. ಯಾರಿಗೂ ಹೇಳ್ಲಿಲ್ಲ. ಅದಕ್ಕೇ, ನೀವೆಲ್ಲ ರೇಗಿಸಿದ್ರೂ ಒಂದಿನಾನೂ ಹಾಕಿಸಿ ಕೇಳ್ರೋ ಅನ್ನಲಿಲ್ಲ.’ ಚಿಂತೆಯ ಕಾಯಿಲೆ ಈ ಮನೆಯಲ್ಲಿ ನನಗೊಬ್ಬನಿಗೇ ಎಂದು ತಿಳಿದಿದ್ದೆ.

ಪಾಷಾ ಅವರಿಗೆ ಫೋನ್ ಹಚ್ಚಿ ಸ್ಪೀಕರ್ ಹತ್ತಿರ ಹಿಡಿದೆ. ಒಂದು ಹಾಡು ಪೂರ್ತಿ ಕೇಳಿ, ‘ಗಾಲಿ ಚೆನ್ನಾಗಿ ಹಾಡ್ತದೆ ಸಾರ್’ ಎಂದರು. ಅವರು ಹಚ್ಚಿದ ಬಣ್ಣವನ್ನು ನಾನು ತಪ್ಪಿನ ಪಟ್ಟಿಗೆ ಸೇರಿಸಲಾರೆ. ಯಾರಿಗೂ ಕಾಣದ ಜಾಗದಲ್ಲಿ ಕೆಂಪು ಹಳದಿ ಹಸಿರು ತಿರುಗುತ್ತಿದೆ ಎಂದು ನೆನೆದಾಗಲೆಲ್ಲ ಒಬ್ಬನೇ ಕೈಮುಗಿಯುತ್ತೇನೆ.

ಹನ್ನೆರಡು ‘ರೆ’ಗಳಲ್ಲಿ ಒಂದೂ ನಿಜವಾಗಲಿಲ್ಲ. ತಪ್ಪಿಹೋಗಿದ್ದು ‘ಯು’ ಅಕ್ಷರದ ಒಂದೇ ಒಂದು ಕೊಂಬು, ಅದೂ ನಾನು ಚಿಂತೆ ಮಾಡುವುದನ್ನು ಕಲಿಯುವ ಮೊದಲೇ.