ಗುಂಡು ತಾಗಿತ್ತೇ, ಬ್ರದರ್?

೨೦೨೪ ನವೆಂಬರ್ ೧೬, ಶನಿವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಮೈದಾನದ ಮೂಲೆಯ ನಲ್ಲಿಯ ಬಳಿ ಒಬ್ಬರು ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆಯುತ್ತಿದ್ದರು. ಮೈಮೇಲೆ ಮರಳುಬಣ್ಣದ ಸೈನಿಕರ ಉಡುಪು, ಎದೆಗೆ ತುಂಬಾ ಜೇಬುಗಳಿದ್ದ ದಪ್ಪ ಜಾಕೆಟ್, ಪ್ಯಾಂಟಿನಲ್ಲಿ ಚೂರಿಯಂಥ ಇಸ್ತ್ರಿ ಗೆರೆ. ತೊಳೆದ ಮೇಲೆ ಎರಡೂ ಅಂಗೈಗಳನ್ನು ಮುಖದ ಮಟ್ಟಕ್ಕೆ ಎತ್ತಿ ಹಿಡಿದು, ನೀರೆಲ್ಲ ಮೊಣಕೈಯಿಂದ ತೊಟ್ಟಿಕ್ಕಿ ಮುಗಿಯುವವರೆಗೆ ಅಲ್ಲಾಡದೆ ನಿಂತರು. ಯುದ್ಧ ಶುರುವಾಗುವ ಮೊದಲೇ ಶರಣಾದವರಂತೆ ಕಾಣುತ್ತಿದ್ದರು.

"ಟವೆಲ್ ಆ ಬ್ಯಾಗಲ್ಲಿ ಉಂಟು, ಸ್ವಲ್ಪ ತೆಗ್ದು ಕೊಡ್ತೀರಾ? ನಾನು ಬ್ಯಾಗ್ ಮುಟ್ಟಿದ್ರೆ ಮತ್ತೆ ತೊಳೀಬೇಕು," ಎಂದರು.

ಕೊಟ್ಟೆ. "ಇನ್ನೈದು ನಿಮಿಷಕ್ಕೆ ಮರಳಲ್ಲಿ ತೆವಳಬೇಕಲ್ವಾ ಸರ್, ಈಗ ಯಾಕೆ ತೊಳೀತೀರಿ?"

"ಅದು ಬೇರೆ, ಇದು ಬೇರೆ," ಎಂದು ಬೆರಳ ಸಂದುಗಳನ್ನು ಒಂದೊಂದಾಗಿ ಒರೆಸಿಕೊಂಡರು.

ಅವರು ಅಬುಧಾಬಿಯ ಒಂದು ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸ್. ಉಡುಪಿ ಕಡೆಯ ಕೊಂಕಣಿ ಮನೆಮಾತಿನವರು, ವಯಸ್ಸು ಐವತ್ತು ದಾಟಿತ್ತು. ಊರಿನ ಆಸ್ಪತ್ರೆಗಳಲ್ಲಿ ಗಂಡು ನರ್ಸನ್ನು ಬ್ರದರ್ ಎಂದು ಕರೆಯುತ್ತಾರಲ್ಲ, ಅದೇ ಹೆಸರು ಇಲ್ಲಿಗೂ ಬಂದಿತ್ತು. ಮೈದಾನದಲ್ಲಿ ಎಲ್ಲರಿಗೂ ಅವರು ಬ್ರದರ್. ನನಗೂ ಆ ದಿನದಿಂದ ಹಾಗೆಯೇ.

ನಾನು ಮೈಸೂರಿನವನು. ಅಲ್ ಬರ್ಷಾದಲ್ಲಿ ಆಫೀಸು, ಡಿಸ್ಕವರಿ ಗಾರ್ಡನ್ಸ್‌ನಲ್ಲಿ ಕೋಣೆ. ದುಬೈಗೆ ಬಂದು ಒಂದು ವರ್ಷವಾದರೂ ಆಫೀಸಿನ ಹೊರಗೆ ನನ್ನ ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಸಹೋದ್ಯೋಗಿಯೊಬ್ಬ ಏರ್‌ಸಾಫ್ಟ್ ಎಂಬ ಹುಸಿ ಯುದ್ಧದಾಟ ಆಡಲು ಎಳೆದುಕೊಂಡು ಬಂದ. ಅವನು ಎರಡೇ ವಾರಕ್ಕೆ ಬಿಟ್ಟ, ನಾನು ಬಿಡಲಿಲ್ಲ. ಚಳಿಗಾಲದ ಶನಿವಾರಗಳಲ್ಲಿ ಎರಡು ನಗರಗಳ ನಡುವಿನ ಮರಳಿನಲ್ಲಿ, ಹಳೆಯ ಕಂಟೇನರು, ಟೈರುಗಳ ರಾಶಿ, ಮರದ ಪೆಟ್ಟಿಗೆಗಳ ಮಧ್ಯೆ ದುಬೈ ತಂಡ, ಅಬುಧಾಬಿ ತಂಡ ಎಂದು ಆಟ. ಪ್ರತಿ ವಾರ ಒಂದು ಕಥೆ ಇರುತ್ತದೆ: ಒಮ್ಮೆ ಒತ್ತೆಯಾಳನ್ನು ಬಿಡಿಸುವುದು, ಒಮ್ಮೆ ಕೆಡವಿದ ವಿಮಾನದ ಪೆಟ್ಟಿಗೆ ಹುಡುಕುವುದು. ಬಂದೂಕುಗಳು ಮೈದಾನದವರವು, ಮನೆಗೆ ಒಯ್ಯುವಂತಿಲ್ಲ. ಸೈನಿಕರ ಉಡುಪಿನಲ್ಲಿ ಊರೊಳಗೆ ಓಡಾಡುವಂತೆಯೂ ಇಲ್ಲ. ಆದ್ದರಿಂದ ಎಲ್ಲರೂ ಚೀಲದಲ್ಲಿ ಬಟ್ಟೆ ತಂದು ಅಲ್ಲಿಯೇ ಬದಲಾಯಿಸುತ್ತಾರೆ. ಬ್ರದರ್ ಮಾತ್ರ ಇಸ್ತ್ರಿ ಕೆಡಬಾರದೆಂದು ಹ್ಯಾಂಗರಿನಲ್ಲಿ ತರುತ್ತಿದ್ದರು.

ಗೊತ್ತಿಲ್ಲದವರಿಗೆ ಒಂದು ವಿಷಯ ಹೇಳಬೇಕು. ಈ ಆಟದ ಗುಂಡು ಕಾಳುಮೆಣಸಿಗಿಂತ ತುಸು ದಪ್ಪದ ಪ್ಲಾಸ್ಟಿಕ್ ಮಣಿ. ಅದರಲ್ಲಿ ಬಣ್ಣವಿಲ್ಲ. ತಾಗಿದರೆ ಬಟ್ಟೆಯ ಮೇಲೆ ಕಲೆಯಾಗುವುದಿಲ್ಲ, ತಾಗಿದ್ದಕ್ಕೆ ಬೇರೆ ಸಾಕ್ಷಿಯೂ ಇಲ್ಲ. ತಾಗಿದವನೇ ಕೈ ಎತ್ತಿ "ಹಿಟ್" ಎಂದು ಕೂಗಿ ಕುಳಿತುಕೊಳ್ಳಬೇಕು. ಹೊಡೆದವನು ಹೇಳುವಂತಿಲ್ಲ. ಇಡೀ ಆಟ ನಿಂತಿರುವುದು ಬಿದ್ದವನ ಬಾಯಿಮಾತಿನ ಮೇಲೆ. ತಾಗಿದರೂ ಕೂಗದವನಿಗಿಂತ ಕೀಳು ಮನುಷ್ಯ ಮೈದಾನದಲ್ಲಿ ಇನ್ನೊಬ್ಬನಿಲ್ಲ.

ಕುಳಿತವನನ್ನು ಅವನ ತಂಡದ ಮೆಡಿಕ್ ಬಂದು ತೋಳಿಗೆ ಬಟ್ಟೆ ಕಟ್ಟಿ ಎಬ್ಬಿಸಬಹುದು. ಆ ಕೆಲಸಕ್ಕೆ ಅಬುಧಾಬಿಯವರು ಪ್ರತಿ ವಾರ ಬ್ರದರ್‌ಗೆ ದುಂಬಾಲು ಬೀಳುತ್ತಿದ್ದರು. ಅವರು ಒಪ್ಪಿದ್ದನ್ನು ನಾನು ಕಾಣೆ. "ವಾರವಿಡೀ ಜನರನ್ನು ಎಬ್ಬಿಸೋದೇ ನನ್ನ ಕೆಲಸ. ಶನಿವಾರ ಒಂದು ದಿನ ನನ್ನನ್ನು ಬೀಳ್ಲಿಕ್ಕೆ ಬಿಡಿ ಮಾರಾಯ್ರೆ."

ಬೀಳುವುದರಲ್ಲಿ ಅವರಿಗೆ ಸಾಟಿ ಇರಲಿಲ್ಲ. ನನಗೆ ಎಲ್ಲವನ್ನೂ ಬರೆದಿಡುವ ಚಾಳಿ. ಯಾರು ಎಷ್ಟು ಸಲ ಬಿದ್ದರು, ಎಷ್ಟು ಹೊತ್ತಿಗೆ ಬಿದ್ದರು ಎಂದು ಪ್ರತಿ ವಾರ ಮನೆಗೆ ಬಂದು ಗುರುತು ಹಾಕುತ್ತೇನೆ. ಆ ಚಳಿಗಾಲದಲ್ಲಿ ಎಲ್ಲರಿಗಿಂತ ಹೆಚ್ಚು ಬಿದ್ದವರು ಬ್ರದರ್. ಗಾಳಿಗೆ ಒಣಕಡ್ಡಿ ಹಾರಿ ಹೆಗಲಿಗೆ ಬಡಿದರೂ ಕೈ ಎತ್ತುತ್ತಿದ್ದರು. ಒಮ್ಮೆ ನಾನೇ ಓಡಿಹೋಗಿ, "ಬ್ರದರ್, ಆ ಕಡೆಯಿಂದ ಯಾರೂ ಹೊಡೀಲಿಲ್ಲ, ಕಲ್ಲು ಸಿಡಿದಿದ್ದು," ಎಂದು ಹೇಳಿದೆ. ಎದುರಾಳಿ ತಂಡದವನು ಬಂದು ಹಾಗೆ ಹೇಳಿದ್ದು ಅವರಿಗೆ ತಮಾಷೆ ಎನಿಸಿತು.

"ಸಂಶಯ ಬಂತಲ್ಲ, ಸಾಕು. ಸಂಶಯ ಇಟ್ಕೊಂಡು ಓಡ್ಲಿಕ್ಕೆ ನನಗೆ ಆಗೂದಿಲ್ಲ, ಮೊದ್ಲೇ ಮಂಡಿನೋವು."

ಅವರ ತೋಳಿಗೆ ಮೆಡಿಕ್ ಹುಡುಗರು ಬಟ್ಟೆ ಕಟ್ಟಿದರೆ ಅದನ್ನು ಬಿಚ್ಚಿ ಮತ್ತೆ ಕಟ್ಟಿಸುತ್ತಿದ್ದರು. "ಇದೆಂತ ಗಂಟು? ಬೆರಳು ಎರಡು ಒಳಗೆ ಹೋಗ್ಬೇಕು. ಹೀಗೆ ಕಟ್ಟಿದ್ರೆ ಗುಂಡಿಂದ ಸಾಯೂದಿಲ್ಲ, ನಿನ್ನ ಕೈಯಿಂದ ಸಾಯ್ತೇನೆ." ಸುತ್ತಲೂ ಗುಂಡು ಹಾರುತ್ತಿರುವಾಗ ಟೈರಿನ ಹಿಂದೆ ಈ ಪಾಠ ನಡೆಯುತ್ತಿತ್ತು. ಅವರ ಕ್ಯಾಪ್ಟನ್, ಹೋಟೆಲಿನಲ್ಲಿ ಖರೀದಿ ವಿಭಾಗ ನೋಡಿಕೊಳ್ಳುವ ಮಂಗಳೂರಿನವನು, ತಲೆ ಚಚ್ಚಿಕೊಳ್ಳುತ್ತಿದ್ದ. "ಬ್ರದರ್, ನೀವು ಆಡ್ಲಿಕ್ಕೆ ಬಂದದ್ದಾ, ಟ್ರೈನಿಂಗ್ ಕೊಡ್ಲಿಕ್ಕೆ ಬಂದದ್ದಾ?"

ಇಷ್ಟೆಲ್ಲ ಹೇಳಿದ್ದು ೨೦೨೫ ಏಪ್ರಿಲ್ ೨೬ರ ಶನಿವಾರದ ವಿಷಯಕ್ಕಾಗಿ. ಅದು ಬೇಸಿಗೆಗೆ ಮುಂಚಿನ ಕೊನೆಯ ಆಟ. ಕಥೆ ಹೀಗಿತ್ತು: ಮರುಭೂಮಿಯಲ್ಲಿ ದಾರಿ ತಪ್ಪಿದ ಒಂದು ಪ್ರಯಾಣಿಕರ ತಂಡಕ್ಕೆ ನೀರು ತಲುಪಿಸಬೇಕು. ನಾವು ದುಬೈಯವರು ನೀರಿನ ಕ್ಯಾನುಗಳನ್ನು ಹೊತ್ತು ಉತ್ತರದ ಗೇಟು ಮುಟ್ಟಬೇಕು, ಅಬುಧಾಬಿಯವರು ತಡೆಯಬೇಕು. ಇಡೀ ಚಳಿಗಾಲದಲ್ಲಿ ಎರಡೂ ತಂಡಗಳ ಗೆಲುವು ಸಮವಾಗಿತ್ತು. ಈ ಆಟ ಗೆದ್ದವರಿಗೆ ಋತುವಿನ ಗೆಲುವು.

ಒಂಬತ್ತು ಗಂಟೆಗೆಲ್ಲ ಬಿಸಿಲು ಏರಿ, ಗಾಳಿಯಲ್ಲಿ ಕಡಲಿನ ತೇವ ತುಂಬಿ, ಅಂಗಿ ಮೈಗೆ ಅಂಟಿತ್ತು. ನಮ್ಮವರೆಲ್ಲ ಬಿದ್ದು, ಉಳಿದ ಒಂದೇ ಕ್ಯಾನು ನನ್ನ ಕೈಯಲ್ಲಿತ್ತು. ಕಂಟೇನರಿನ ಒಳಗಿಂದ ಹೊರಬಿದ್ದು ಗೇಟಿನ ಕಡೆ ಓಡಿದೆ. ಹಿಂದೆ ಎಡಗಡೆ ಟೈರುಗಳ ರಾಶಿಯಿಂದ ಬಂದೂಕಿನ ಟರ್ ಎಂಬ ಸದ್ದು ಕೇಳಿತು. ಬೆನ್ನಿಗೆ ಏನೂ ತಾಗಿದಂತೆ ಅನ್ನಿಸಲಿಲ್ಲ. ನನ್ನ ಜಾಕೆಟ್ ದಪ್ಪನೆಯದು, ಬೆನ್ನಿನ ಮೇಲೆ ನೀರಿನ ಚೀಲ ಬೇರೆ, ಕೈಯಲ್ಲಿನ ಕ್ಯಾನು ಹೆಜ್ಜೆಗೊಮ್ಮೆ ತೊಡೆಗೆ ಬಡಿಯುತ್ತಿತ್ತು. ಓಡಿದೆ. ಗೇಟು ಮುಟ್ಟಿ ಗಂಟೆ ಬಾರಿಸಿದೆ.

ಅಬುಧಾಬಿ ಕ್ಯಾಪ್ಟನ್ ಗುಂಡು ತಡೆಯುವ ಗಾಗಲ್ಲನ್ನು ಕಣ್ಣಿಂದ ಕಿತ್ತು ನನ್ನ ಮುಂದೆ ಬಂದು ನಿಂತ. "ಎಂತ ಇದು? ಬ್ರದರ್ ಹೊಡೆದಾಯ್ತಲ್ಲ. ಹತ್ತು ಅಡಿ ದೂರದಿಂದ ಹೊಡ್ದದ್ದು, ತಾಗದೆ ಎಲ್ಲಿಗೆ ಹೋಗ್ತದೆ?"

"ನಂಗೆ ಏನೂ ಗೊತ್ತಾಗ್ಲಿಲ್ಲ," ಎಂದೆ.

"ಗೊತ್ತಾಗ್ಲಿಲ್ವಾ, ಗೊತ್ತಾಗೋದು ಬೇಡ ಅಂತಾನಾ?"

ಎಲ್ಲರೂ ಸುತ್ತುವರಿದರು. ನಮ್ಮ ತಂಡದವರೂ ಸುಮ್ಮನಿದ್ದರು; ಅದೇ ನನಗೆ ಹೆಚ್ಚು ನೋವಾದದ್ದು. ಆಟ ನೋಡಿಕೊಳ್ಳುವ ಮಾರ್ಷಲ್ ಜೋರ್ಡಾನಿನ ಯುವಕ. ಅವನು ಕಂಟೇನರಿನ ಆಚೆ ಇದ್ದುದರಿಂದ ಏನನ್ನೂ ನೋಡಿರಲಿಲ್ಲ. ಸುಳ್ಳು ಆಡಿದ್ದು ಖಚಿತವಾದರೆ ಮುಂದಿನ ಚಳಿಗಾಲವಿಡೀ ಒಳಗೆ ಬಿಡುವುದಿಲ್ಲ ಎಂಬ ನಿಯಮವನ್ನು ಹರಕು ಹಿಂದಿಯಲ್ಲಿ ನೆನಪಿಸಿದ. ಶನಿವಾರವೊಂದು ಹೋದರೆ ಈ ದೇಶದಲ್ಲಿ ನನಗೆ ಉಳಿಯುವುದು ಆಫೀಸು ಮತ್ತು ಕೋಣೆ ಮಾತ್ರ. ನಾನು ಸುಳ್ಳು ಹೇಳಿರಲಿಲ್ಲ. ಆದರೆ ನಿಜ ಹೇಳುತ್ತಿದ್ದೇನೆ ಎಂಬ ಧೈರ್ಯವೂ ಇರಲಿಲ್ಲ. ಗುಂಡು ತಾಗಿಲ್ಲ ಎನ್ನುವುದಕ್ಕೂ ಗೊತ್ತಾಗಿಲ್ಲ ಎನ್ನುವುದಕ್ಕೂ ನಡುವೆ ಇಷ್ಟು ಅಂತರವಿದೆ ಎಂದು ಆವರೆಗೆ ಯೋಚಿಸಿರಲಿಲ್ಲ.

ಮಾರ್ಷಲ್ ಬ್ರದರ್ ಕಡೆ ತಿರುಗಿದ. ಅವರು ಬೆವರು ಒರೆಸುತ್ತಾ ನಿಧಾನವಾಗಿ ನಡೆದು ಬಂದರು.

"ಹೊಡೆದದ್ದು ಹೌದು," ಎಂದರು. "ತಾಗಿದ್ಯಾ ಇಲ್ವಾ ಅಂತ ಹೇಳ್ಬೇಕಾದವ ಇವ. ಇವ ಇಲ್ಲ ಅಂತಾನೆ. ಅಷ್ಟೇ."

"ನೀವು ಕಂಡಿದ್ದೆಂತ, ಅದು ಹೇಳಿ ಬ್ರದರ್," ಎಂದು ಅವರ ಕ್ಯಾಪ್ಟನ್ ಕೇಳಿದ.

"ನಾನು ಕಂಡದ್ದು ಇಲ್ಲಿ ಲೆಕ್ಕಕ್ಕಿಲ್ಲ. ನಿಯಮ ನೀನೇ ಓದಿ ಹೇಳಿದ್ದಲ್ವಾ ಮೊದಲ್ನೇ ದಿನ? ಆರು ತಿಂಗಳು ಇವನ ಎದುರು ಆಡಿದ್ದೇನೆ. ಇವನ ಮಾತು ಸಾಕು ನನಗೆ."

ಮಾರ್ಷಲ್ ಕೈ ಕೊಡವಿ "ಖಲಾಸ್" ಎಂದ. ನಾವು ಗೆದ್ದೆವು.

ಬಟ್ಟೆ ಬದಲಿಸಿ ಬರುವಷ್ಟರಲ್ಲಿ ಅಬುಧಾಬಿಯವರ ಎರಡು ಕಾರುಗಳೂ ಹೊರಟುಹೋಗಿದ್ದವು. ಬ್ರದರ್ ಗೇಟಿನ ಹೊರಗೆ ತಮ್ಮ ಚೀಲದ ಮೇಲೆ ಕುಳಿತಿದ್ದರು, ಹ್ಯಾಂಗರು ತೊಡೆಯ ಮೇಲೆ. ಆ ದಾರಿಯಲ್ಲಿ ಬಸ್ಸಿಲ್ಲ.

"ಜಾಗ ಇರ್ಲಿಲ್ಲ ಅಂತೆ," ಎಂದರು. ಬರುವಾಗ ಇದ್ದ ಜಾಗ ಹೋಗುವಾಗ ಎಲ್ಲಿ ಹೋಯಿತೆಂದು ನಾನು ಕೇಳಲಿಲ್ಲ. ಅವರ ಮನೆ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ, ನನ್ನದಕ್ಕೆ ತೀರಾ ವಿರುದ್ಧ ದಿಕ್ಕು. ಕಾರಿಗೆ ಹತ್ತಿಸಿಕೊಂಡೆ.

ಅವರು ಫ್ಲಾಸ್ಕಿನಿಂದ ಹಾಲಿಲ್ಲದ ಸುಲೈಮಾನಿ ಚಹಾ ಬಗ್ಗಿಸಿಕೊಂಡು ಕುಡಿದರು. ಆಮೇಲೆ ತಾವಾಗಿಯೇ ಆಸ್ಪತ್ರೆಯ ವಿಷಯ ತೆಗೆದರು.

"ಆಪರೇಷನ್ ಆಗಿ ಎಚ್ಚರ ಆದವರ ಹತ್ರ ನಾವು ಕೇಳ್ತೇವೆ, ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಂತ. ಒಬ್ಬ ಫೋನಲ್ಲಿ ನಗ್ತಾ ಮಾತಾಡ್ತಾ ಇರ್ತಾನೆ, ಎಂಟು ಅಂತಾನೆ. ಎಂಟು ಅಂತಲೇ ಬರೀಬೇಕು. ಇನ್ನೊಬ್ಬಳಿಗೆ ಬೆಡ್‌ಶೀಟ್ ಹಿಡಿದ ಬೆರಳು ಬಿಳಿ ಆಗಿರ್ತದೆ, ಎರಡು ಅಂತಾಳೆ. ಎರಡು ಬರೀಬೇಕು. ಹೊಸ ಹುಡುಗಿಯರು ತಾವು ಕಂಡದ್ದನ್ನು ಬರೀತಾರೆ, ನಾನು ಬೈತೇನೆ."

"ಮತ್ತೆ ಸುಳ್ಳು ಹೇಳಿದ್ರೆ?"

"ಹೇಳ್ತಾರೆ. ಆದ್ರೆ ನೋವು ಅವರದ್ದಲ್ವಾ."

ಬಹುಶಃ ಅಲ್ಲಿಗೆ ಬಿಟ್ಟಿದ್ದರೆ ನನಗೆ ನೆಮ್ಮದಿ ಇರುತ್ತಿತ್ತು. ಮನೆಯ ಗಲ್ಲಿಗೆ ತಿರುಗುವಾಗ ಅವರು ಫ್ಲಾಸ್ಕಿನ ಮುಚ್ಚಳ ಬಿಗಿ ಮಾಡುತ್ತಾ, ಹವಾಮಾನ ಹೇಳುವಂತೆ ಹೇಳಿದರು: "ತಾಗಿತ್ತು ಮಾರಾಯ. ಬೆನ್ನಿಗೆ, ಬಲಗಡೆ. ನಾನು ಕಂಡೆ."

ನಾನು ಕಾರು ನಿಲ್ಲಿಸಿದೆ. "ಮತ್ತೆ ಅಲ್ಲಿ ಯಾಕೆ ಹಾಗೆ ಹೇಳಿದ್ರಿ?"

"ಅಲ್ಲಿ ಕೇಳಿದ್ದು ನಿನಗೆ ಗೊತ್ತಾಯ್ತಾ ಅಂತ. ನಿನಗೆ ಗೊತ್ತಾಗಿರ್ಲಿಲ್ಲ. ಅದು ನಿನ್ನ ಮುಖದಲ್ಲಿತ್ತು." ಇಳಿದು, ಕಿಟಕಿಗೆ ಬಗ್ಗಿ, "ತಲೆ ಬಿಸಿ ಮಾಡ್ಬೇಡ, ನಿಧಾನ ಹೋಗು. ಹೈವೇಲಿ ಕ್ಯಾಮರಾ ಉಂಟು," ಎಂದು ಹೊರಟುಹೋದರು.

ತಲೆ ಬಿಸಿ ಮಾಡಿಕೊಳ್ಳದಿರುವುದು ಹೇಗೆ? ಅವರು ನಿಜ ಹೇಳಿದ್ದರೆ ಆ ಗೆಲುವು ನಮ್ಮದಲ್ಲ. ಮರುದಿನವೇ ಅಬುಧಾಬಿ ಕ್ಯಾಪ್ಟನ್‌ಗೆ ಫೋನ್ ಮಾಡಿ ಹೇಳಿಬಿಡೋಣವೆಂದುಕೊಂಡೆ. ಆದರೆ ಹಾಗೆ ಹೇಳಿದರೆ, ಬ್ರದರ್ ಎಲ್ಲ ಕಂಡೂ ತಮ್ಮ ತಂಡವನ್ನು ಸೋಲಿಸಿದರು ಎಂದಾಗುತ್ತದೆ. ಹೇಳದಿದ್ದರೆ ನಾನು ಕಳ್ಳ. ಏನು ಮಾಡಲಿ ಎಂದು ಬ್ರದರನ್ನೇ ಕೇಳಿದೆ. "ಬಿಸಿಲು ಮುಗೀಲಿ, ಅಕ್ಟೋಬರಿಗೆ ಎದುರೆದುರು ಮಾತಾಡುವ," ಎಂದು ಧ್ವನಿಸಂದೇಶ ಕಳಿಸಿದರು.

ಅಕ್ಟೋಬರಿಗೆ ಆಟ ಶುರುವಾಯಿತು. ಬ್ರದರ್ ಬರಲಿಲ್ಲ. ಅವರ ನಂಬರು ಚಾಲ್ತಿಯಲ್ಲಿರಲಿಲ್ಲ. ಅಬುಧಾಬಿಯವರನ್ನು ಕೇಳಿದರೆ, "ನಿಮ್ಮ ಜನ ಅಲ್ವಾ ಅವ್ರು, ನಿಮಗೇ ಗೊತ್ತಿರ್ಬೇಕು," ಎಂದು ಕ್ಯಾಪ್ಟನ್ ಚುಚ್ಚಿದ. ಅಕ್ಟೋಬರ್ ೧೨, ಭಾನುವಾರ, ನಾನೇ ಅವರನ್ನು ಇಳಿಸಿದ್ದ ಗಲ್ಲಿಯ ವಿಲ್ಲಾ ಹುಡುಕಿಕೊಂಡು ಹೋದೆ. ಬಾಗಿಲು ತೆರೆದವರು ಬ್ರದರ್ ಜೊತೆ ಕೋಣೆ ಹಂಚಿಕೊಂಡಿದ್ದ ಕುಂದಾಪುರದ ಲ್ಯಾಬ್ ಟೆಕ್ನಿಷಿಯನ್. ನಾನು ಯಾರೆಂದು ಹೇಳುತ್ತಲೇ ಒಳಗೆ ಕೂರಿಸಿದರು.

ಜೂನ್ ಕೊನೆಗೆ ಬ್ರದರ್ ಕೆಲಸದ ಒಪ್ಪಂದ ಮುಗಿದಿತ್ತು. ವೀಸಾ ರದ್ದು ಮಾಡಿಸಿ ಊರಿಗೆ ಹೋದರು. ಆಗಸ್ಟಿನಲ್ಲಿ, ಜ್ವರವೆಂದು ಮಲಗಿದವರು ನಾಲ್ಕನೆಯ ದಿನ ತೀರಿಕೊಂಡರು. ಅವರ ಮಂಚದ ಮೇಲೆ ಆಗಲೇ ಬೇರೆ ಯಾರದೋ ಸೂಟ್‌ಕೇಸ್ ಇತ್ತು.

"ನೀರಿನ ಕ್ಯಾನ್ ಹುಡುಗ ನೀವೇ ಅಲ್ದಾ?" ಎಂದರು ಟೆಕ್ನಿಷಿಯನ್. "ಅವತ್ತು ಮನೆಗೆ ಬಂದು ನಗಾಡಿದ್ದೇ ನಗಾಡಿದ್ದು. ಗಾಗಲ್ ಪೂರ್ತಿ ಮಂಜು ಹಿಡಿದಿತ್ತಂಬ್ರು, ಎದುರು ಯಾರಿದ್ರು ಅಂದೇಳಿಯೇ ಕಾಣ್ಲಿಲ್ಲ, ಸದ್ದು ಬಂದ ಬದಿಗೆ ಬೆಡಿ ಬಿಟ್ಟೆ ಅಂದ್ರು."

ಬೆಡಿ ಎಂದರೆ ಅವರ ಕಡೆ ಬಂದೂಕು. ನಾನು ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ. "ನನಗೆ ತಾಗಿತ್ತು, ಕಂಡೆ ಅಂತ ಹೇಳಿದ್ರಲ್ಲ. ಬೆನ್ನಿಗೆ, ಬಲಗಡೆ ಅಂತ ಜಾಗ ಕೂಡ ಹೇಳಿದ್ರು."

"ನಿಮ್ಗೆ ಹಾಂಗೆ ಹೇಳಿದ್ರಾ?" ಅವರಿಗೂ ಗೊಂದಲವಾಯಿತು. "ನನ್ಗೆ ಹೇಳಿದ್ದು ಹೀಂಗೆ. ಯಾವ್ದು ಖರೆ ಅಂದೇಳಿ ನನ್ನತ್ರ ಕೇಳ್ರೆ ಎಂತ ಹೇಳೂದು."

ಅಂದಿನಿಂದ ಯೋಚಿಸುತ್ತಿದ್ದೇನೆ. ಮಂಜು ನಿಜವಾಗಿದ್ದರೆ, ಕಾಣದ್ದನ್ನು ಕಂಡೆ ಎಂದು ನನಗೇಕೆ ಹೇಳಿದರು? ಸಂಶಯ ಬಂದಾಗ ಕೈ ಎತ್ತುವುದನ್ನು ನಾನು ಕಲಿಯಲಿ ಎಂದೇ? ಹಾಗಿದ್ದರೆ ಕಲಿತಿದ್ದೇನೆ, ಈ ಚಳಿಗಾಲ ನಮ್ಮ ತಂಡದಲ್ಲಿ ಎಲ್ಲರಿಗಿಂತ ಮೊದಲು ಕುಳಿತುಕೊಳ್ಳುವವನು ನಾನು. ಅಥವಾ ಕಂಡದ್ದೇ ನಿಜವಾಗಿದ್ದು, ಕೋಣೆಯ ಗೆಳೆಯನ ಮುಂದೆ ತಮ್ಮ ಸೋಲನ್ನು ನಗೆಯಲ್ಲಿ ಮುಗಿಸಲು ಮಂಜಿನ ಕಥೆ ಕಟ್ಟಿದರೇ? ಮೂವರಿಗೆ ಮೂರು ಮಾತು ಹೇಳಿದ ಆ ಮನುಷ್ಯ ಸುಳ್ಳುಗಾರನೆಂದು ಮಾತ್ರ ನನಗೆ ಒಮ್ಮೆಯೂ ಅನ್ನಿಸಿಲ್ಲ. ಯಾಕೆಂದು ವಿವರಿಸಲಾರೆ. ನನ್ನ ಮಾತಿಗೆ ನನಗೇ ಬೆಲೆ ಇಲ್ಲದಿದ್ದ ಹೊತ್ತಿನಲ್ಲಿ ಅವರು ಅದಕ್ಕೆ ಬೆಲೆ ಕೊಟ್ಟರು. ಅದರಿಂದಲೇ ಇವತ್ತಿಗೂ ಶನಿವಾರ ಬೆಳಿಗ್ಗೆ ನನಗೆ ಹೋಗಲು ಒಂದು ಜಾಗವಿದೆ.

ಅಬುಧಾಬಿ ತಂಡದಲ್ಲಿ ಈಗಲೂ ಅವರ ಮಾತು ಬಂದರೆ, ಆಟ ಬಿಟ್ಟುಕೊಟ್ಟವರು ಎನ್ನುತ್ತಾರೆ. ಆ ಶನಿವಾರ ಉತ್ತರದ ಗೇಟಿನ ಹತ್ತಿರ ಬಿದ್ದು ಕುಳಿತಿದ್ದ ಕನ್ನಡಿಗರು ಎರಡೂ ಕಡೆ ಕೆಲವರಿದ್ದರು. ಈ ಪತ್ರಿಕೆ ಅವರ ಕೈಗೆ ಸಿಕ್ಕರೆ, ಕಂಡದ್ದನ್ನು ಸಂಪಾದಕರ ವಿಳಾಸಕ್ಕೆ ಬರೆದು ತಿಳಿಸಬೇಕೆಂದು ಕೋರುತ್ತೇನೆ. ಗುಂಡು ನನಗೆ ತಾಗಿದ್ದರೆ ಆ ಗೆಲುವನ್ನು ಎಲ್ಲರ ಮುಂದೆ ಹಿಂದಿರುಗಿಸುತ್ತೇನೆ. ತಾಗಿಲ್ಲದಿದ್ದರೆ, ಬ್ರದರನ್ನು ಮರಳಿನಲ್ಲಿ ಬಿಟ್ಟು ಕಾರು ಹತ್ತಿ ಹೋದವರಿಗೆ, ಅವರು ಆಟ ಬಿಟ್ಟುಕೊಟ್ಟಿರಲಿಲ್ಲ ಎಂದು ಹೋಗಿ ಹೇಳುವುದಿದೆ.