ನಾಳೆ ಜ್ವರ

ಮೇಲೂರಿನ ನನ್ನ ದೊಡ್ಡಮ್ಮನಿಗೆ ಮುಂದಾಗುವುದು ಗೊತ್ತಾಗುತ್ತದೆ ಎಂದು ಚಿಕ್ಕಬಳ್ಳಾಪುರದ ನಮ್ಮ ಬೀದಿಯಲ್ಲೆಲ್ಲ ಸಾರಿದವಳು ನಾನೇ. ದೊಡ್ಡಮ್ಮ ಪಾಪ, ರೇಷ್ಮೆ ಹುಳ ಸಾಕಿಕೊಂಡು ತಮ್ಮ ಪಾಡಿಗೆ ತಾವಿದ್ದರು.

ಮಗಳ ಹುಟ್ಟುಹಬ್ಬಕ್ಕೆ ಕರೆಯಲು ಫೋನ್ ಮಾಡಿದ್ದೆ. "ಬರೋಕಾಗಲ್ಲ ಕಣಮ್ಮ. ನಾಳೆ ಜ್ವರ, ಹುಷಾರಾಗಿ ನೋಡ್ಕೋಬೇಕು" ಅಂದರು. ಮಾರನೆಯ ದಿನ ಮಗಳ ಮೈ ಕೆಂಡದಂತೆ ಸುಡುತ್ತಿತ್ತು. ದೊಡ್ಡಮ್ಮ ಜ್ವರದ ಮಾತೆತ್ತಿದ್ದನ್ನು ಹೇಳಿದಾಗ ನನ್ನ ಗಂಡ, "ಮಗೂಗೆ ಜ್ವರ ಬರುತ್ತೆ ಅಂತ ನಿನ್ನೇನೇ ಅಂದ್ರಾ?" ಎಂದು ಕಣ್ಣರಳಿಸಿದರು. ಹೂಂ ಅಂದೆ. ಅಂದ ಮೇಲೆ, ಹಾಗೆಯೇ ಕೇಳಿಸಿದ್ದು ನೆನಪಾಯಿತು! ಪಕ್ಕದ ಮನೆಯಲ್ಲಿ ಹೇಳುವಾಗ 'ಬೆಳಗಿನ ಜಾವ' ಸೇರಿತು. ಹಾಲಿನ ಡೈರಿಯ ಹತ್ತಿರ ಹೇಳುವ ಹೊತ್ತಿಗೆ ದೊಡ್ಡಮ್ಮನ ದನಿ ನಡುಗುತ್ತಿತ್ತು. ಸುಳ್ಳು ಹೇಳುತ್ತಿದ್ದೇನೆಂದು ಒಮ್ಮೆಯೂ ಅನಿಸಲಿಲ್ಲ, ಆಣೆಗೂ.

ಪೇಚಿಗೆ ಸಿಕ್ಕಿಸಿದ್ದು ಎದುರುಮನೆಯ ಟೀಚರಮ್ಮ. ರಿಟೈರ್ ಆದವರು, ಎರಡೂ ಕಣ್ಣಿಗೆ ಪೊರೆ. ಆಪರೇಷನ್‌ಗೆ ದಿನ ಗೊತ್ತಾಗಿತ್ತು. "ನಿಮ್ಮ ದೊಡ್ಡಮ್ಮ ಹೂಂ ಅಂದ್ರೇನೇ ನಾನು ಹೋಗೋದು" ಎಂದು ಹಟ ಹಿಡಿದರು. ನನ್ನ ಬಾಯಿಂದ ಇವರ ಕಣ್ಣು ಹೋದರೆ ಏನು ಗತಿ ಎಂದು ದಿಗಿಲಾಯಿತು. ಮೇಲೂರಿಗೆ ಕರೆದುಕೊಂಡು ಹೋದೆ.

ದೊಡ್ಡಮ್ಮ ಹುಳಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದರು. "ಮಗೂಗೆ ಜ್ವರ ಬರೋದು ನಿಮಗೆ ಮೊದ್ಲೇ ಹೆಂಗೆ ಗೊತ್ತಾಯ್ತಮ್ಮ?" ಎಂದು ಟೀಚರಮ್ಮ ಕೇಳಿದರು.

ದೊಡ್ಡಮ್ಮ ನನ್ನತ್ತ ತಿರುಗಿದರು. "ಏಮೇ, ಯಾವ ಮಗೂಗೆ? ನಾನಂದಿದ್ದು ಹುಳಕ್ಕೆ! ಇದೇ ಸೊಪ್ಪು ಹಾಕಿ ಬೆಳೆದೋಳು, ಜ್ವರ ಅಂದ್ರೆ ಏನೂಂತ ಮರ್ತೋಯ್ತಾ?"

ಹುಳ ಮೇವು ಬಿಟ್ಟು, ತಲೆಯೆತ್ತಿ ಅಲುಗದೆ ನಿಂತು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಚಿಕೆಯಿಂದ ತಲೆ ತಗ್ಗಿಸಿದೆ. ದಾರಿಯುದ್ದಕ್ಕೂ ಹೆದರಿದ್ದೆಲ್ಲ ಇಳಿದು ನಗುವೂ ಬಂತು.

ಟೀಚರಮ್ಮ ಮಾತ್ರ ಬಿಡಲಿಲ್ಲ. "ಹಂಗಾದ್ರೆ ನನ್ನ ಕಣ್ಣಿನ ಪೊರೆ?"

"ತೆಗೆಸ್ಕೊಳ್ರಮ್ಮ ತಾಯಿ. ಹುಳಾನೇ ನಾಲ್ಕು ಸಲ ಪೊರೆ ಬಿಡ್ತದೆ, ನಿಮ್ಮದು ಎರಡೇ ತಾನೆ. ಚೆನ್ನಾಗಿ ಕಾಣ್ತದೆ, ಹೋಗಿ."

ಹೋದರು. ಎರಡೂ ಕಣ್ಣು ಚೆನ್ನಾದವು. ಈಗ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಾ, "ಆಯಮ್ಮ ಮೊದ್ಲೇ ಹೇಳಿದ್ರು, ಹೇಳಿದಂಗೇ ಆಯ್ತು" ಎಂದು ಬಂದವರಿಗೆಲ್ಲ ಹೇಳುತ್ತಾರೆ. ಅವರಿಗೆ ಕಣ್ಣು ಬಂತಲ್ಲ ಎಂದು ನನಗೆ ಖುಷಿ. ಆದರೂ ತಿದ್ದಲು ಹೋಗುತ್ತೇನೆ, ಹೋಗಿ ಸುಮ್ಮನಾಗುತ್ತೇನೆ. ಯಾಕೆಂದರೆ ಆ ಫೋನನ್ನು ನೆನೆದರೆ, ಇವತ್ತಿಗೂ, ದೊಡ್ಡಮ್ಮ "ಮಗೂಗೆ" ಅಂದದ್ದು ನನಗೆ ಸ್ಪಷ್ಟವಾಗಿ ಕೇಳಿಸುತ್ತದೆ.