ಟರ್ಬೋ ಪೈಪಿಗೆ ನಾನು ಒರೆಸಿದ ಎಣ್ಣೆ

ಕೊರೊನಾ ಬರುವುದಕ್ಕೆ ಹಿಂದಿನ ವರ್ಷ. ಹೊಸೂರಿನಿಂದ ಬಾಗಲೂರಿಗೆ ಹೋಗುವ ರಸ್ತೆಯಲ್ಲಿ ನನ್ನ ರಿಪೇರಿ ಷೆಡ್ಡು ಇತ್ತು. ಎಸ್ಸೆಸ್ಸೆಲ್ಸಿ ಮುಗಿಸಿ ಸ್ಪ್ಯಾನರ್ ಹಿಡಿದ ನನಗೆ ಆಗ ಅರವತ್ತೆರಡು ವಯಸ್ಸು. ನನ್ನ ಕೈಕೆಲಸಕ್ಕಿಂತ ಮಾತಿಗೇ ಹೆಚ್ಚು ಬೆಲೆ. ಹಳೆ ಕಾರು ಕೊಳ್ಳುವವರು ಮುಂಗಡ ಕೊಡುವ ಮೊದಲು ಗಾಡಿಯನ್ನು ನನ್ನಲ್ಲಿಗೆ ತರುತ್ತಿದ್ದರು. ನಾನು ಬಾನೆಟ್ ಎತ್ತಿ, ಇಂಜಿನ್ನಿಗೆ ಕಿವಿಗೊಟ್ಟು, ತಗೊಳ್ಳಿ ಅಥವಾ ಬೇಡ ಎನ್ನುತ್ತಿದ್ದೆ. ಅದಕ್ಕೆ ಐನೂರು ರೂಪಾಯಿ.

ಆ ಮಾತನ್ನು ಒಂದು ಸಲ ನಾನೇ ಕೆಡಿಸಿದೆ. ಕ್ಷಮೆ ಸಿಗಲಿ ಎಂದು ಇದನ್ನು ಬರೆಯುತ್ತಿಲ್ಲ. ಒಳ್ಳೆಯದಕ್ಕೇ ಮಾಡಿದೆ ಬಿಡು ಎಂದು ಇವತ್ತಿಗೂ ನನ್ನ ಬೆನ್ನು ತಟ್ಟುವವರಿದ್ದಾರೆ. ಅವರ ಬಾಯಿ ಮುಚ್ಚಿಸಲು ಬರೆಯುತ್ತಿದ್ದೇನೆ.

ಶಶಿಕಲಾ ಗುಮ್ಮಳಾಪುರದ ಹೆಣ್ಣುಮಗಳು. ಮೂವತ್ತಾರು ವಯಸ್ಸು. ಮದುವೆ ಬೇಡವೆಂದು ಅಣ್ಣ ಮುನಿರಾಜುವಿನ ಮನೆಯಲ್ಲೇ ಇದ್ದಳು. ಒಂದು ಲಾರಿ ಕಾರ್ಖಾನೆಯಲ್ಲಿ ಕೆಲಸ. ಮೊದಲ ನಾಲ್ಕು ವರ್ಷ ಗೇರ್‌ಬಾಕ್ಸ್‌ಗೆ ಎಣ್ಣೆ ತುಂಬುತ್ತಿದ್ದಳು. ಆಮೇಲೆ ತಯಾರಾದ ಲಾರಿಗಳನ್ನು ಯಾರ್ಡಿಗೆ ಓಡಿಸಿ ಸಾಲಾಗಿ ನಿಲ್ಲಿಸುವ ಕೆಲಸ ಸಿಕ್ಕಿತು. ದಿನವಿಡೀ ಲಾರಿ ಹತ್ತಿ ಇಳಿಯುವ ಆಕೆಗೆ ತನ್ನದೇ ಒಂದು ಸಣ್ಣ, ಚುರುಕಾದ ಕಾರು ಬೇಕೆಂಬ ಆಸೆ ಹುಟ್ಟಿತ್ತು. ಬ್ರೋಕರ್ ಒಬ್ಬ ಅಂಥದ್ದನ್ನು ತೋರಿಸಿದ್ದ. ಕೆಂಪು ಬಣ್ಣ, ನೆಲಕ್ಕೆ ತಗ್ಗಿದ ಮೈ, ಅಗಲ ಟಯರು, ಟರ್ಬೋ ಪೆಟ್ರೋಲ್ ಇಂಜಿನ್. ಆರು ವರ್ಷ ಹಳೆಯದು, ನಲವತ್ತೊಂದು ಸಾವಿರ ಕಿಲೋಮೀಟರ್ ಓಡಿತ್ತು.

ಶನಿವಾರ ಸಂಜೆ ಮುನಿರಾಜು ಷೆಡ್ಡಿಗೆ ಬಂದ.

"ಅಣ್ಣಾ, ನಾಳೆ ನಮ್ಮ ಶಶಿ ಒಂದು ಕೆಂಪು ಕಾರು ತತ್ತಾಳೆ. ಬ್ಯಾಡ ಅಂತ ಹೇಳ್ಬುಡು."

"ನೋಡ್ದೇನೇ ಹೆಂಗಪ್ಪಾ ಹೇಳೋದು?"

"ನೋಡೋದೇನೈತೆ? ಪಡ್ಡೆ ಹುಡುಗ್ರು ಓಡ್ಸೋ ಕಾರು ಅದು. ಊರೊಳಕ್ಕೆ ಗುರ್ರಂತ ಬಂದ್ರೆ ಜನ ಏನಂತಾರೆ? ಅದೇ ದುಡ್ಡಿಗೆ ಏಳು ಸೀಟಿಂದು ಬತ್ತದೆ, ಮನೆಮಂದಿಯೆಲ್ಲ ಕೂತ್ಕೋಬೋದು."

ದುಡ್ಡು ಆಕೆಯದು, ಸೀಟು ಮನೆಮಂದಿಯದು. ಅದು ಆಗ ನನ್ನ ತಲೆಗೆ ಹೋಗಲಿಲ್ಲ. ಅವರೂರಿನ ಟ್ರ್ಯಾಕ್ಟರುಗಳೆಲ್ಲ ನನ್ನ ಷೆಡ್ಡಿಗೇ ಬರುತ್ತವೆ, ಮುನಿರಾಜುವೇ ಕಳಿಸುತ್ತಾನೆ ಎಂಬುದು ಮಾತ್ರ ಹೋಯಿತು. ಇನ್ನೊಂದನ್ನೂ ಹೇಳಿಬಿಡುತ್ತೇನೆ. ಹೆಂಗಸಿಗೆ ಅಂಥ ಕಾರು ಯಾಕೆ ಎಂದು ನನಗೂ ಅನ್ನಿಸಿತ್ತು.

ಭಾನುವಾರ ಬೆಳಿಗ್ಗೆ ಶಶಿಕಲಾ ಕಾರು ತಂದಳು. ನಾನು ಮುಕ್ಕಾಲು ಗಂಟೆ ನೋಡಿದೆ. ಒಂದು ಕೊರತೆಯೂ ಸಿಗಲಿಲ್ಲ. ಇಂಥ ಕಾರಿನಲ್ಲಿ ದುಬಾರಿ ಭಾಗ ಟರ್ಬೋ. ಹೊರಹೋಗುವ ಹೊಗೆಯ ರಭಸಕ್ಕೇ ತಿರುಗಿ, ಇಂಜಿನ್ನಿಗೆ ಹೆಚ್ಚು ಗಾಳಿ ನೂಕುವ ಸಣ್ಣ ಚಕ್ರ ಅದು. ಅದರ ಗಾಳಿಯ ಪೈಪಿನಲ್ಲಿ ಎಣ್ಣೆ ಜಿನುಗಿದ್ದರೆ ಟರ್ಬೋ ಕೆಡುತ್ತಿದೆ ಎಂದು ಅನುಮಾನಿಸಬೇಕು. ಈ ಪೈಪು ಒಣಗಿತ್ತು. ಆಕೆ ಡಿಕ್ಕಿ ತೆಗೆದು ಸ್ಟೆಪ್ನಿ ನೋಡುತ್ತಿದ್ದಾಗ ನಾನು ಹೆಗಲ ಮೇಲಿದ್ದ ಎಣ್ಣೆ ಬಟ್ಟೆಯನ್ನು ಪೈಪಿಗೆ ಒರೆಸಿದೆ.

"ಇಲ್ನೋಡಮ್ಮ, ಟರ್ಬೋ ಹೋಗ್ತಾ ಐತೆ. ಒಂದೂವರೆ ಲಕ್ಷ ಬಾಯಿ ಬಿಡ್ತದೆ. ಈ ಕಾರು ಬ್ಯಾಡ."

ಆಕೆ ಬೆರಳಲ್ಲಿ ಎಣ್ಣೆ ಮುಟ್ಟಿದಳು, ಮೂಸಿದಳು. ಇನ್ನೊಮ್ಮೆ ಮೂಸಿ ನನ್ನ ಮುಖ ನೋಡಿದಳು. ಐನೂರು ರೂಪಾಯಿ ಕೊಟ್ಟು ಹೋದಳು. ನಾನು ತೆಗೆದುಕೊಂಡೆ.

ಮುಂದಿನ ಭಾನುವಾರ ಆಕೆ ಮತ್ತೆ ಬಂದಾಗ ಷೆಡ್ಡಿನಲ್ಲಿ ಇಬ್ಬರು ಗಿರಾಕಿಗಳು ಕೂತಿದ್ದರು. ಅವರೆದುರೇ ಕೇಳಿದಳು.

"ಮೇಸ್ತ್ರಿ, ಟರ್ಬೋ ಪೈಪ್ನಾಗೆ ಗೇರ್ ಆಯಿಲ್ ಎಲ್ಲಿಂದ ಬಂತು?"

ಟರ್ಬೋದಿಂದ ಜಿನುಗುವ ಇಂಜಿನ್ ಆಯಿಲ್‌ಗೆ ಸುಟ್ಟ ವಾಸನೆ. ಗೇರ್ ಆಯಿಲ್‌ಗೆ ಗಂಧಕ ಬೆರೆತ ಕೊಳೆತ ನಾತ. ಅವತ್ತು ಬೆಳಿಗ್ಗೆ ನಾನು ಅದೇ ಬಟ್ಟೆಯಲ್ಲಿ ಒಂದು ಟೆಂಪೋದ ಗೇರ್‌ಬಾಕ್ಸ್ ಒರೆಸಿದ್ದೆ.

"ಅವತ್ತೇ ನಾತ ಹೊಡೀತು," ಎಂದಳು. "ನಾಕು ವರ್ಷ ಅದರಾಗೇ ಮುಳುಗಿದ್ದೋಳು ನಾನು. ಆದ್ರೂ ನನ್ನ ಮೂಗು ಬಿಟ್ಟು ನಿಮ್ಮ ಮಾತು ನಂಬ್ದೆ."

"ನಾನೇ ಒರೆಸಿದ್ದು ಕಣಮ್ಮ."

"ಯಾರು ಹೇಳಿದ್ದು?"

"ನಿಮ್ಮಣ್ಣ. ಆದ್ರೆ ಕೈ ನಂದು."

ಕೆಂಪು ಕಾರು ಗುರುವಾರವೇ ಬೇರೆಯವರ ಪಾಲಾಗಿತ್ತು. ತಪ್ಪಾಯ್ತು ಎಂದೆ.

"ಆ ತಪ್ಪಾಯ್ತು ನೀವೇ ಇಟ್ಕೊಳ್ಳಿ. ಅಂಥದ್ದೇ ಕಾರು ಹುಡುಕ್ಕೊಡಿ. ಈ ಸಲ ಬಟ್ಟೆ ಕೆಳಗಿಟ್ಟು ನೋಡಿ."

ಗಿರಾಕಿಯೊಬ್ಬ ಕಿಸಕ್ಕನೆ ನಕ್ಕ. ನಗಲಿ ಎಂದು ಬಿಟ್ಟೆ.

ಹುಡುಕಲು ಮೂರು ತಿಂಗಳು ಹಿಡಿಯಿತು. ಕೊನೆಗೆ ಕೃಷ್ಣಗಿರಿಯಲ್ಲಿ ಅದೇ ಮಾದರಿಯ ಬೂದು ಬಣ್ಣದ ಕಾರು ಸಿಕ್ಕಿತು. ಅರವತ್ತೆಂಟು ಸಾವಿರ ಓಡಿತ್ತು, ಇನ್ನೂ ಕರ್ನಾಟಕದ ನಂಬರಿನಲ್ಲೇ ಇತ್ತು. ಕ್ಲಚ್ ಸವೆದಿದೆ, ನಾಲ್ಕು ಟಯರೂ ಬದಲಾಗಬೇಕು. ಕರ್ನಾಟಕದಿಂದ ಎನ್‌ಒಸಿ ಪತ್ರ ತಂದು, ಗಡಿಯ ಈಚೆ ಇಲ್ಲಿ ಮತ್ತೆ ರಸ್ತೆ ತೆರಿಗೆ ಕಟ್ಟಿ ನಂಬರ್ ಬದಲಿಸಬೇಕು. ಪಟ್ಟಣದಲ್ಲಿ ಲೀಟರಿಗೆ ಹನ್ನೆರಡು ಕಿಲೋಮೀಟರ್, ಆಕ್ಸಿಲರೇಟರ್ ಒತ್ತಿ ತುಳಿದರೆ ಒಂಬತ್ತು. ಆಯಿಲ್ ದುಬಾರಿಯದೇ ಹಾಕಬೇಕು. ರಸ್ತೆ ಉಬ್ಬಿಗೆಲ್ಲ ಹೊಟ್ಟೆ ತಾಗುತ್ತದೆ. ಮೊದಲ ವರ್ಷ ಪೆಟ್ರೋಲ್ ಬಿಟ್ಟು ಒಂದೂಕಾಲು ಲಕ್ಷ ಬೇಕು. ಒಂದನ್ನೂ ಮುಚ್ಚಿಡಲಿಲ್ಲ, ಒಂದನ್ನೂ ಏರಿಸಲಿಲ್ಲ. ಒಂದೊಂದು ಭಾಗವನ್ನೂ ಆಕೆಯ ಕೈಯಲ್ಲೇ ಮುಟ್ಟಿಸಿ ಹೇಳಿದೆ.

"ಇಷ್ಟೇನಾ?"

"ಇಷ್ಟೆ."

"ಲಾರಿಗಿಂತ ಕಮ್ಮೀನೇ ಬಿಡಿ," ಎಂದು ಮುಂಗಡ ಕೊಟ್ಟಳು.

ಕಾರು ಊರು ಸೇರಿದ ಮರುದಿನ ಮುನಿರಾಜು ಬಂದು ಷೆಡ್ಡಿನ ಮುಂದೆ ನಿಂತು ಕೂಗಾಡಿದ. ಅಣ್ಣಾ ಎನ್ನುತ್ತಿದ್ದವನು ಲಾ ಎನ್ನುವಷ್ಟಕ್ಕೆ ಇಳಿದಿದ್ದ.

"ನಮ್ಮೂರಿಂದ ಒಂದು ಟ್ರ್ಯಾಕ್ಟರ್ ಬತ್ತದೇನ್ಲಾ ಇನ್ಮೇಲೆ ನಿನ್ನ ಷೆಡ್ಡಿಗೆ, ನೋಡ್ತೀನಿ!"

"ಬರದಿದ್ರೆ ಬ್ಯಾಡ. ನೀನು ಹೇಳ್ದೆ, ನಾನು ಒರೆಸ್ದೆ. ಯಾರಿಗೆ ಬೇಕಾದ್ರೂ ಹೇಳ್ತೀನಿ, ಬೇಕಿದ್ರೆ ನಿಮ್ಮೂರಿಗೇ ಬಂದು ಹೇಳ್ತೀನಿ."

ಎರಡು ವರ್ಷ ಆ ಊರಿನ ಟ್ರ್ಯಾಕ್ಟರ್ ಬರಲಿಲ್ಲ. ಒಬ್ಬ ಕೆಲಸದವನನ್ನು ಬಿಡಬೇಕಾಯಿತು, ಷೆಡ್ಡಿನ ಅರ್ಧ ಜಾಗವನ್ನು ಪಂಕ್ಚರ್ ಅಂಗಡಿಗೆ ಬಾಡಿಗೆಗೆ ಕೊಟ್ಟೆ. ಯಾರ ಮನೆ ಬಾಗಿಲಿಗೂ ಹೋಗಿ ಕರೆಯಲಿಲ್ಲ.

ಕಾರು ಎಷ್ಟು ದುಡ್ಡು ತಿನ್ನುತ್ತದೆ ಎಂದು ಸರಿಯಾಗಿ ಹೇಳುವುದಷ್ಟೇ ನನ್ನ ಕೆಲಸವಾಗಿತ್ತು. ಅಷ್ಟು ತಿನ್ನಿಸಿ ಅದನ್ನು ಸಾಕುವುದು ಯಾರಿಗೆ ತಕ್ಕದ್ದು ಎಂದು ತೀರ್ಮಾನಿಸಲು ನನಗೆ ಯಾರೂ ಐನೂರು ರೂಪಾಯಿ ಕೊಟ್ಟಿರಲಿಲ್ಲ. ಇದನ್ನು ಕಲಿಯಲು ನನಗೆ ನಲವತ್ತೈದು ವರ್ಷದ ಕೆಲಸ ಸಾಲದೆ ಒಂದು ಕೆಟ್ಟ ಕೆಲಸವೂ ಬೇಕಾಯಿತು.

ಈಗ ಷೆಡ್ಡು ಬಿಟ್ಟಿದ್ದೇನೆ. ಬೂದು ಕಾರನ್ನು ಮಾತ್ರ ಮನೆ ಮುಂದೆಯೇ ಸರ್ವೀಸ್ ಮಾಡಿಕೊಡುತ್ತೇನೆ. ಕೆಲಸ ಮುಗಿದ ಮೇಲೆ ಶಶಿಕಲಾ ಬಾನೆಟ್ ಎತ್ತಿ, ಆಯಿಲ್ ಕಡ್ಡಿ ಎಳೆದು ಮೂಸುತ್ತಾಳೆ. ಆಮೇಲೆ ಟರ್ಬೋ ಪೈಪಿಗೆ ಬೆರಳು ಒರೆಸಿ ಅದನ್ನೂ ಮೂಸುತ್ತಾಳೆ. ಇಷ್ಟು ವರ್ಷಗಳಲ್ಲಿ ಒಂದು ಸಲವೂ ಬಿಟ್ಟಿಲ್ಲ. ನೋಡಿದವರು, ಇನ್ನೂ ನಿಮ್ಮ ಮೇಲೆ ನಂಬಿಕೆ ಇಲ್ಲವೇ ಎಂದು ನನ್ನ ಪರವಾಗಿ ನೊಂದುಕೊಳ್ಳುತ್ತಾರೆ. ಯಾರೂ ನೊಂದುಕೊಳ್ಳುವುದು ಬೇಡ. ಆಕೆ ಮೂಸಿ ಮುಗಿಸುವವರೆಗೆ ನಾನು ಪಕ್ಕದಲ್ಲೇ ನಿಂತಿರುತ್ತೇನೆ, ಎರಡು ಕೈಯೂ ಆಕೆಗೆ ಕಾಣುವ ಹಾಗೆ.